ಹಳೇ ಫೈಬರ್ ಫಿಶಿಂಗ್ ಬೋಟ್ ಸರಿ ಮಾಡೋಕೆ ಹೊರಟಿದೀರಾ? ಯಾವ ಹಲ್, ಯಾವ ಇಂಜಿನ್, ಯಾವ ಟ್ಯಾಂಕು, ಯಾವ ರೆಸಿನ್

ನಾನು ಮಲ್ಪೆ ಕಡೆಯವ್ನು, ಈಗ ಫ್ಲೋರಿಡಾದ ಪೂರ್ವ ಕರಾವಳಿಯಲ್ಲಿದೀನಿ, ಇಲ್ಲಿ 1970ರ ದಶಕದ ಒಂದು ಬರ್ಟ್ರಮ್ 31 ಬೋಟನ್ನ ಹೆಚ್ಚುಕಮ್ಮಿ ನಾಲ್ಕು ವರ್ಷ ಶನಿವಾರ ಭಾನುವಾರ ಕೂತು ಸರಿ ಮಾಡಿದೀನಿ. ಇದು ಗೊತ್ತಾದ್ಮೇಲೆ ಇಲ್ಲಿರೋ ನಮ್ಮವ್ರು, ಅದ್ರಲ್ಲೂ ಕರಾವಳಿಯಿಂದ ಬಂದವ್ರು, ಫೋನ್ ಮಾಡಿ ಕೇಳೋದು ಒಂದೇ ಮಾತು, ಹಳೇ ಫಿಶಿಂಗ್ ಬೋಟ್ ಅಗ್ಗಕ್ಕೆ ಸಿಗ್ತಾ ಇದೆ ತಗೊಳ್ಳಲಾ ಅಂತ. ತಗೊಳ್ಳಿ, ನಾನು ಬೇಡ ಅನ್ನಲ್ಲ, ಆದ್ರೆ ಈ ಕೆಲಸದಲ್ಲಿ ಒಂದು ನಿರ್ಧಾರಕ್ಕೆ ಇನ್ನೊಂದು ಗಂಟು ಬಿದ್ದಿರತ್ತೆ. ಇಂಜಿನ್ ಯಾವ್ದು ಅನ್ನೋದ್ರ ಮೇಲೆ ಟ್ಯಾಂಕು ನಿಂತಿದೆ, ಟ್ಯಾಂಕಿನ ಮೇಲೆ ಡೆಕ್ ಕುಯ್ಯಬೇಕೋ ಬೇಡವೋ ಅನ್ನೋದು ನಿಂತಿದೆ, ಡೆಕ್ ಮೇಲೆ ಬಣ್ಣ. ತುಂಬ ಜನ ಇದನ್ನ ತಲೆಕೆಳಗೆ ಮಾಡ್ತಾರೆ, ಮೊದ್ಲು ಬಣ್ಣ ಹೊಡೆದು ಫೋಟೋ ತೆಗೆದು ಸಂತೋಷಪಟ್ಟು, ಎರಡು ವರ್ಷ ಆದ್ಮೇಲೆ ಟ್ಯಾಂಕ್ ಸೋರಿ ಅದೇ ಹೊಸ ಡೆಕ್ಕನ್ನ ಗರಗಸದಲ್ಲಿ ಕುಯ್ತಾರೆ, ನೋಡೋಕೆ ಹೊಟ್ಟೆ ಉರಿಯತ್ತೆ. ಹಾಗಾಗಿ ಯಾವ ಕ್ರಮದಲ್ಲಿ ಯೋಚ್ನೆ ಮಾಡ್ಬೇಕು ಅಂತ ನನಗನ್ಸತ್ತೋ ಅದೇ ಕ್ರಮದಲ್ಲಿ ಬರೀತೀನಿ.

ಮೊದ್ಲು ಹಲ್: 23, 31, 41

ಹಲ್ ಅಂದ್ರೆ ಬೋಟಿನ ತಳ, ಪಕ್ಕ ಎಲ್ಲ ಸೇರಿದ ಹೊರಮೈ. ಹಳೇ ಫೈಬರ್ ಬೋಟ್ ಅಂದ್ರೆ ಇಲ್ಲಿ ನೂರಾರು ಥರ ಇದಾವೆ, ಆದ್ರೆ ಸರಿ ಮಾಡೋ ಶ್ರಮಕ್ಕೆ ಯೋಗ್ಯ ಅಂತ ಎಲ್ರೂ ಒಪ್ಪೋ ಹೆಸ್ರು ಕಮ್ಮಿ. ಮೂರು ಗಾತ್ರಕ್ಕೆ ಮೂರು ಹೇಳ್ತೀನಿ, ಸಂಖ್ಯೆ ಅಂದ್ರೆ ಅಡಿ ಲೆಕ್ಕದ ಉದ್ದ: ಸೀಕ್ರಾಫ್ಟ್ 23, ಬರ್ಟ್ರಮ್ 31, ಹ್ಯಾಟರಸ್ 41.

ಬರ್ಟ್ರಮ್ ಕಥೆ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ಆ ಹಲ್ಲಿನ ಆಕಾರ ಗೊತ್ತಿಲ್ದೆ ಅದಕ್ಕೆ ಯಾವ ಇಂಜಿನ್ ಅಂತ ತೀರ್ಮಾನ ಮಾಡೋಕಾಗಲ್ಲ. 1958ರಲ್ಲಿ ನ್ಯೂಪೋರ್ಟ್‌ನಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯಕ್ಕೆ ತಯಾರಿ ನಡೀತಿದ್ದಾಗ ಡಿಕ್ ಬರ್ಟ್ರಮ್ ಅನ್ನೋವ್ರು ರೇ ಹಂಟ್ ಡಿಸೈನ್ ಮಾಡಿದ್ದ 23 ಅಡಿಯ ಒಂದು ಸಣ್ಣ ಬೋಟ್ ದೊಡ್ಡ ಅಲೆಗಳ ಮೇಲೆ ಕುಕ್ಕರಿಸ್ದೆ ಓಡೋದನ್ನ ನೋಡಿದ್ರು. ಆವಾಗಿನ ಸ್ಪೀಡ್ ಬೋಟ್‌ಗಳ ತಳ ಹಿಂಭಾಗದಲ್ಲಿ ಹೆಚ್ಚುಕಮ್ಮಿ ಚಪ್ಪಟೆ, ಅಲೆ ಮೇಲಿಂದ ಬಿದ್ದಾಗ ಬೆನ್ನುಮೂಳೆಗೆ ಹೊಡೆತ. ಹಂಟ್ ಬೋಟ್‌ನಲ್ಲಿ ಮುಂದಿನ ಚೂಪು ಹಿಂದಿನ ಗೋಡೆವರೆಗೂ ಹಾಗೇ ಬರತ್ತೆ, ಇಂಗ್ಲಿಷ್ ಅಕ್ಷರ ವಿ ಥರ, ಹಿಂದಿನ ತುದಿಲೂ 23-24 ಡಿಗ್ರಿ ಇಳಿಜಾರು. ಬರ್ಟ್ರಮ್ ಅದೇ ಥರದ 31 ಅಡಿ ಮರದ ಬೋಟ್ ಮಾಡಿಸಿ, ಹೆಂಡತಿಯ ಅಡ್ಡಹೆಸ್ರು ಮೊಪ್ಪಿ ಅಂತ ಅದಕ್ಕೂ ಇಟ್ಟು, 1960ರ ಮಯಾಮಿ-ನಸ್ಸಾವ್ ರೇಸಿಗೆ ಇಳಿಸಿದ್ರು. ಅವತ್ತು ಸಮುದ್ರ ಬಹಳ ಕೆಟ್ಟದಾಗಿತ್ತು, ಮೊಪ್ಪಿ ಸುಮಾರು ಎಂಟು ಗಂಟೇಲಿ ಮುಟ್ಟಿತು, ಎರಡನೇ ಬೋಟ್ ಬಂದಿದ್ದು ಇನ್ನೆರಡು ಗಂಟೆ ಆದ್ಮೇಲೆ, ಅದೂ ಹಂಟ್ ಅವ್ರದ್ದೇ ಡಿಸೈನು, ಉಳಿದವ್ರು ಬಂದಿದ್ದು ಮಾರನೇ ದಿನ. ಆ ಮರದ ಹಲ್ಲನ್ನೇ ಮಾದರಿ ಮಾಡಿ ಮೋಲ್ಡ್ ತೆಗೆದು 1961ರ ನ್ಯೂಯಾರ್ಕ್ ಬೋಟ್ ಶೋನಲ್ಲಿ ಫೈಬರ್ ಬರ್ಟ್ರಮ್ 31 ತಂದ್ರು, 1980ರ ದಶಕದವರೆಗೆ 1,800ಕ್ಕೂ ಮೇಲೆ ತಯಾರಾದ್ವು. ಉದ್ದ 30 ಅಡಿ 7 ಇಂಚು, ಅಗಲ 11 ಅಡಿ 2 ಇಂಚು. ಆ ಕಾಲದಲ್ಲಿ ಫೈಬರ್ ಎಷ್ಟು ತೆಳ್ಳಗೆ ಹಾಕ್ಬೋದು ಅನ್ನೋ ಅನುಭವ ಯಾರಿಗೂ ಇರ್ಲಿಲ್ಲ, ಹಾಗಾಗಿ ದಪ್ಪಕ್ಕೆ ಹಾಕಿದ್ರು, ಐವತ್ತು ವರ್ಷ ಆದ್ಮೇಲೂ ಆ ಹಲ್ ಗಟ್ಟಿಯಾಗಿರೋದು ಅದಕ್ಕೇ.

ಸೀಕ್ರಾಫ್ಟ್ 23 ಕಾರ್ಲ್ ಮೋಸ್ಲಿ ಅವ್ರ ಡಿಸೈನು. ತಳದಲ್ಲಿ ಇಳಿಜಾರು ಒಂದೇ ಸಮ ಇಲ್ಲ, ಮಧ್ಯದಲ್ಲಿ ಚೂಪು, ಅಂಚಿಗೆ ಬರ್ತಾ ಮೆಟ್ಟಿಲು ಮೆಟ್ಟಿಲಾಗಿ ಚಪ್ಪಟೆ ಆಗತ್ತೆ, ಹಾಗಾಗಿ ಓಡುವಾಗ ಮೆತ್ತಗೆ, ನಿಂತಾಗ ಹೊರಳಾಟ ಕಮ್ಮಿ. ಇದರ ದೊಡ್ಡ ಲಾಭ ಟ್ರೇಲರ್. ಅಮೆರಿಕದ ರಸ್ತೇಲಿ ಪರ್ಮಿಟ್ ಇಲ್ದೆ ಎಳ್ಕೊಂಡು ಹೋಗ್ಬೋದಾದ ಅಗಲ 8 ಅಡಿ 6 ಇಂಚು, ಸೀಕ್ರಾಫ್ಟ್ ಅದ್ರೊಳಗೆ ಬರತ್ತೆ, ಮನೆ ಅಂಗಳದಲ್ಲೇ ಇಟ್ಕೊಂಡು ಕೆಲಸ ಮಾಡ್ಬೋದು. 31 ಹಾಗಲ್ಲ, ಬೋಟ್ ಯಾರ್ಡ್‌ನಲ್ಲಿ ಜಾಗಕ್ಕೆ ತಿಂಗಳ ಬಾಡಿಗೆ, ಎತ್ತೋಕೆ ಇಳಿಸೋಕೆ ದುಡ್ಡು, ಸಾಗಿಸೋಕೆ ಪರ್ಮಿಟ್. ಕೆಲಸ ಒಂದು ವರ್ಷ ಅಂದ್ಕೊಂಡಿದ್ದು ನಾಲ್ಕು ವರ್ಷ ಎಳೆದ್ರೆ ಆ ಬಾಡಿಗೆ ಒಂದೇ ನಿಮ್ಮ ರೆಸಿನ್ (ಫೈಬರ್ ನಾರನ್ನ ಗಟ್ಟಿ ಮಾಡೋ ಅಂಟು) ಖರ್ಚಿಗಿಂತ ಜಾಸ್ತಿ ಆಗತ್ತೆ, ನನಗೆ ಆಗಿದೆ.

ಹ್ಯಾಟರಸ್ 41 ಬೇರೆಯದೇ ಲೋಕ. ನಾರ್ತ್ ಕೆರೊಲಿನಾದ ಹೈ ಪಾಯಿಂಟ್ ಅನ್ನೋ ಊರು ಪೀಠೋಪಕರಣಕ್ಕೆ ಹೆಸರುವಾಸಿ, ಸಮುದ್ರದಿಂದ ಬಲು ದೂರ, ಅಲ್ಲಿ ವಿಲ್ಲಿಸ್ ಸ್ಲೇನ್ ಅನ್ನೋವ್ರು ಜ್ಯಾಕ್ ಹಾರ್ಗ್ರೇವ್ ಅವ್ರಿಂದ ಡಿಸೈನ್ ಮಾಡಿಸಿ 1960ರಲ್ಲಿ 41 ಅಡಿ ಫೈಬರ್ ಬೋಟ್ ನೀರಿಗಿಳಿಸಿದ್ರು, ಅಷ್ಟು ದೊಡ್ಡದನ್ನ ಫೈಬರಲ್ಲಿ ಮಾಡೋಕಾಗಲ್ಲ ಅಂತಿದ್ದವ್ರ ಬಾಯಿ ಮುಚ್ಚಿಸಿದ ಬೋಟ್ ಅದು. ಮಲಗೋಕೆ ಜಾಗ, ಅಡುಗೆಮನೆ, ಡೀಸೆಲ್ ಇಂಜಿನ್ ಎಲ್ಲ ಇದೆ. ಆದ್ರೆ ಒಬ್ರೇ ವಾರಾಂತ್ಯದಲ್ಲಿ ಸರಿ ಮಾಡೋ ವಸ್ತು ಅಲ್ಲ, ಪ್ಲಂಬಿಂಗು, ವೈರಿಂಗು, ಜನರೇಟರು, ಕಿಟಕಿ ಸೋರಿಕೆ, ಎಲ್ಲ ಸೇರಿದ್ರೆ ಮನೆ ಕಟ್ಟಿದ ಹಾಗೆ. ದುಡ್ಡು ಕೊಟ್ಟು ಯಾರ್ಡಿಂದ ಮಾಡಿಸೋವ್ರಿಗೆ ಸರಿ, ಕೈಯ್ಯಾರೆ ಮಾಡೋವ್ರಿಗೆ ನಾನು ಹೇಳಲ್ಲ.

ನನ್ನ ಮಾತು ಇಷ್ಟು: ಮೊದಲ ಸಲ ಮಾಡೋವ್ರು, ಮನೇಲಿ ಜಾಗ ಇರೋವ್ರು, ಸೀಕ್ರಾಫ್ಟ್. ಬಹಾಮಾಸ್ ಕಡೆ ಗಲ್ಫ್ ಸ್ಟ್ರೀಮ್ ಅನ್ನೋ ಸಮುದ್ರದ ಪ್ರವಾಹ ದಾಟಿ ಹೋಗೋ ಆಸೆ ಇರೋವ್ರು, ಎರಡ್ಮೂರು ವರ್ಷ ತಾಳ್ಮೆ ಇರೋವ್ರು, ಬರ್ಟ್ರಮ್. ಒಂದು ಎಚ್ಚರಿಕೆ ಮಾತ್ರ, ಬರ್ಟ್ರಮ್ 31 ಅಲೆ ಕತ್ತರಿಸ್ಕೊಂಡು ಹೋಗೋದ್ರಲ್ಲಿ ಎಷ್ಟು ಚೆನ್ನಾಗಿದ್ಯೋ ನಿಂತಾಗ ಅಷ್ಟೇ ತೊಟ್ಟಿಲು ತೂಗತ್ತೆ, ಪಕ್ಕದ ಗಾಳಿಗೆ ನೀರೂ ಮೈಮೇಲೆ ಹಾರತ್ತೆ. ಮನೆಯವ್ರಿಗೆ ಸಮುದ್ರ ತಲೆಸುತ್ತು ಬರೋದಿದ್ರೆ ಕೊಳ್ಳೋಕೆ ಮುಂಚೆ ಯಾರದ್ದಾದ್ರೂ 31ರಲ್ಲಿ ಅರ್ಧ ದಿನ ಕೂರಿಸ್ಕೊಂಡು ಹೋಗಿ ಬನ್ನಿ.

ಹಲ್ ನೋಡೋಕೆ ಹೋದಾಗ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ತಗೊಂಡ್ಹೋಗಿ. ತೆಂಗಿನಕಾಯಿ ತಟ್ಟಿ ನೋಡ್ತೀವಲ್ಲ ಅದೇ ಕೆಲಸ, ಗಟ್ಟಿ ಜಾಗ ಟಣ್ ಅನ್ನತ್ತೆ, ಒಳಗಿನ ಮರ ಕೊಳೆತಿದ್ರೆ ಅಥವಾ ಪದರ ಬಿಟ್ಟಿದ್ರೆ ಡಬ್ ಅಂತ ಸತ್ತ ಸದ್ದು. ಡೆಕ್ ಪೂರ್ತಿ, ಹಿಂದಿನ ಗೋಡೆ ಪೂರ್ತಿ ತಟ್ಟಿ, ಚಾಕ್‌ಪೀಸಲ್ಲಿ ಗುರುತು ಹಾಕಿ. ಆಮೇಲೆ ಬೋಟ್ ಪರೀಕ್ಷೆ ಮಾಡೋ ಸರ್ವೇಯರ್ ಕರೆಸಿ, ಹೇಗೂ ಇನ್ಶೂರೆನ್ಸಿನವ್ರು ಹಳೇ ಬೋಟಿಗೆ ಸರ್ವೇ ಕೇಳ್ತಾರೆ, ಆ ದುಡ್ಡು ಉಳಿಸೋಕೆ ಹೋಗ್ಬೇಡಿ. ಇನ್ನೊಂದು, ಬೇರೆಯವ್ರು ಅರ್ಧ ಮಾಡಿ ಬಿಟ್ಟಿರೋ ಬೋಟಿಗಿಂತ ಯಾರೂ ಕೈ ಹಾಕದೇ ಇರೋ ಬೋಟೇ ವಾಸಿ ಅನ್ನೋದು ನನ್ನ ಅನುಭವ. ಅರ್ಧ ಮಾಡಿದ್ರಲ್ಲಿ ಯಾವ ಪದರದ ಕೆಳಗೆ ಏನು ಮುಚ್ಚಿಟ್ಟಿದಾರೆ ಗೊತ್ತಾಗಲ್ಲ, ನನ್ನ ಪರಿಚಯದವ್ರೊಬ್ರು ಅಂಥದ್ದು ತಗೊಂಡು, ಹೊಸದಾಗಿ ಹಾಕಿದ್ದ ಡೆಕ್ ಪೂರ್ತಿ ಕೈಯಲ್ಲೇ ಸುಲಿದು ತೆಗೆದ್ರು, ಹಳೇ ಬಣ್ಣ ತಿಕ್ಕದೇನೇ ಮೇಲೆ ಫೈಬರ್ ಅಂಟಿಸಿದ್ರಂತೆ. ಬರೀ ಮೀನು ಹಿಡಿಯೋ ಆಸೆ, ಕೆಲಸದ ಮೇಲೆ ಪ್ರೀತಿ ಇಲ್ಲ ಅಂದ್ರೆ ಪೂರ್ತಿ ಸರಿ ಆಗಿರೋದನ್ನೇ ಕೊಳ್ಳಿ, ಹಾಕಿದ ದುಡ್ಡು ಮಾರುವಾಗ ಯಾರಿಗೂ ವಾಪಸ್ ಬರಲ್ಲ, ಆ ನಷ್ಟ ಹಿಂದಿನ ಓನರ್ ಹೊತ್ಕೊಂಡಿರ್ತಾರೆ.

ಇಂಜಿನ್, ಇದಕ್ಕೇ ಜಾಸ್ತಿ ಹೊತ್ತು ಕೊಡಿ

ಬರ್ಟ್ರಮ್ 31ರಲ್ಲಿ ಇಂಜಿನ್ ಎರಡು, ಹಿಂದಿನ ತೆರೆದ ಡೆಕ್ ಅಂದ್ರೆ ಕಾಕ್‌ಪಿಟ್ ಮಧ್ಯದಲ್ಲಿ ಎರಡು ಪೆಟ್ಟಿಗೆ ಒಳಗೆ ಕೂತಿರ್ತವೆ, ಅಲ್ಲಿಂದ ಪ್ರೊಪೆಲ್ಲರ್ ತಿರುಗಿಸೋ ಉದ್ದ ಶಾಫ್ಟ್ ಹಿಂದಕ್ಕೆ. ಭಾರ ಹೆಚ್ಚುಕಮ್ಮಿ ಬೋಟಿನ ನಡುವೆ. ಈ ವಿಷ್ಯ ನೆನಪಲ್ಲಿಡಿ, ಮುಂದೆ ಬೇಕಾಗತ್ತೆ. ಮೂರು ದಾರಿ ಇದೆ: ಮೊದಲಿದ್ದ ಹಾಗೆ ಪೆಟ್ರೋಲ್ ಇಂಜಿನ್, ಡೀಸೆಲ್, ಇಲ್ಲಾಂದ್ರೆ ಹಿಂದಿನ ಗೋಡೆಗೆ ಬ್ರ್ಯಾಕೆಟ್ ಹಾಕಿ ಬೋಟಿನ ಹೊರಗೆ ನೇತುಹಾಕೋ ಔಟ್‌ಬೋರ್ಡ್.

ಪೆಟ್ರೋಲ್ ಅಂದ್ರೆ ಬಹಳಷ್ಟು 31ಗಳಲ್ಲಿ ಮರ್ಕ್ರೂಸರ್ 330 ಎಚ್‌ಪಿ ಎರಡು ಇದ್ವು, ದೊಡ್ಡ ಶೆವರ್ಲೆ ವಿ8. ಇವತ್ತು ಅದೇ ಜಾಗಕ್ಕೆ ಹೊಸ ಫ್ಯುಯೆಲ್ ಇಂಜೆಕ್ಷನ್ ವಿ8 ಕೂರಿಸ್ಬೋದು, ಕೊಳ್ಳೋ ಖರ್ಚು ಡೀಸೆಲ್‌ಗಿಂತ ಬಹಳ ಕಮ್ಮಿ, ಇಂಜಿನ್ ಕೂರೋ ಹಳೇ ಬೆಡ್ಡು ಹಳೇ ಶಾಫ್ಟು ಹೆಚ್ಚುಕಮ್ಮಿ ಹಾಗೇ ನಡೆಯತ್ತೆ, ಓಡೋವಾಗ ಮೆತ್ತಗಿರತ್ತೆ. ವರ್ಷಕ್ಕೆ 50-60 ಗಂಟೆ ಓಡಿಸೋವ್ರಿಗೆ ಲೆಕ್ಕದಲ್ಲಿ ಇದೇ ಗೆಲ್ಲತ್ತೆ, ಪ್ರಾಮಾಣಿಕವಾಗಿ ಹೇಳ್ತಿದೀನಿ. ತೊಂದ್ರೆ ಎರಡು. ಒಂದು ಉಪ್ಪುನೀರು, ಹೊಗೆ ಹೊರಗೆ ಹೋಗೋ ಎಗ್ಸಾಸ್ಟ್ ಮ್ಯಾನಿಫೋಲ್ಡು ರೈಸರು ಒಳಗಿಂದ ತುಕ್ಕು ತಿಂದು ನೀರು ಸಿಲಿಂಡರಿಗೆ ಇಳಿಯತ್ತೆ, ಕೆಲವು ವರ್ಷಕ್ಕೊಮ್ಮೆ ಬದಲಾಯಿಸ್ಲೇಬೇಕು. ಇನ್ನೊಂದು ಆವಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂರತ್ತೆ, ಒಂದು ಕಿಡಿ ಸಾಕು. ಅದಕ್ಕೇ ಸ್ಟಾರ್ಟ್ ಮಾಡೋಕೆ ಮುಂಚೆ ಆವಿ ಹೊರಗೆಳೆಯೋ ಬ್ಲೋವರ್ ಫ್ಯಾನ್ ನಾಲ್ಕು ನಿಮಿಷ ಓಡಿಸ್ಬೇಕು ಅಂತ ಪ್ರತಿ ಬೋಟಲ್ಲೂ ಚೀಟಿ ಅಂಟಿಸಿರ್ತಾರೆ, ಆ ನಾಲ್ಕು ನಿಮಿಷ ಅವಸರಕ್ಕೆ ಬಿಟ್ಟು ಸತ್ತವ್ರಿದಾರೆ, ಮಕ್ಕಳನ್ನ ಕೂರಿಸ್ಕೊಂಡು ಹೋಗೋವ್ರು ಈ ಮಾತನ್ನ ಹಗುರವಾಗಿ ತಗೋಬೇಡಿ.

ಡೀಸೆಲ್ ಅಂದ್ರೆ 31ಕ್ಕೆ ಜನ ಹೆಚ್ಚು ಹಾಕಿರೋದು ಕಮಿನ್ಸ್ 5.9 ಲೀಟರ್ ಮತ್ತೆ ಯಾನ್ಮಾರ್ 315 ಎಚ್‌ಪಿ. ಯಾನ್ಮಾರ್ ಟೊಯೋಟಾ ಲ್ಯಾಂಡ್ ಕ್ರೂಸರ್ ಬ್ಲಾಕ್ ಮೇಲೆ ಮಾಡಿದ್ದು, ಹಗುರ, ಸದ್ದು ಕಮ್ಮಿ, ಆದ್ರೆ ಪಾರ್ಟ್ಸ್ ಬೆಲೆ ಜಾಸ್ತಿ. ಕಮಿನ್ಸ್ ಭಾರ, ಸ್ವಲ್ಪ ಗಲಾಟೆ, ಆದ್ರೆ ಅದೇ ಬ್ಲಾಕ್ ಇಲ್ಲಿ ಡಾಡ್ಜ್ ಪಿಕಪ್‌ನಲ್ಲಿ ಓಡಿದೆ, ನಮ್ಮ ದೇಶದಲ್ಲಿ ಟಾಟಾ ಲಾರಿಗಳಲ್ಲಿ ಓಡಿದೆ, ಶಿರಾಡಿ ಘಾಟಿ ಹತ್ತೋ ಲಾರಿ ಇಂಜಿನ್ನೇ ಇದು ಅಂತ ಗೊತ್ತಾದಾಗ ನನಗೆ ಏನೋ ಒಂಥರ ಸಮಾಧಾನ ಆಯ್ತು. ನಾನು ಹಾಕಿದ್ದು ಅದನ್ನೇ, ಸೆಕೆಂಡ್ ಹ್ಯಾಂಡ್ ಜೋಡಿ ತಗೊಂಡು ಬಿಚ್ಚಿ ಕಟ್ಟಿಸಿ. ಅದ್ರಲ್ಲಿ ಕಣ್ಣಿಡಬೇಕಾದ್ದು ಟರ್ಬೋ ಗಾಳಿ ತಣ್ಣಗೆ ಮಾಡೋ ಆಫ್ಟರ್‌ಕೂಲರ್, ಸಮುದ್ರದ ನೀರು ಅದ್ರ ಮೂಲಕ ಹಾದುಹೋಗತ್ತೆ, ಎರಡು ವರ್ಷಕ್ಕೊಮ್ಮೆ ಕಳಚಿ ತೊಳೆದು ಗ್ರೀಸ್ ಹಚ್ಚಿ ಒತ್ತಡ ಪರೀಕ್ಷೆ ಮಾಡಿ ಕೂರಿಸ್ದೇ ಹೋದ್ರೆ ಒಳಗೆ ಕೊರೆದು ಉಪ್ಪುನೀರು ಸೀದಾ ಇಂಜಿನ್ನಿಗೆ. ಎಗ್ಸಾಸ್ಟ್ ಎಲ್ಬೋ ನೀರಿನ ಮಟ್ಟಕ್ಕಿಂತ ಸಾಕಷ್ಟು ಎತ್ತರ ಇರ್ಬೇಕು, ಇಲ್ದಿದ್ರೆ ಅಲೆ ಹಿಂದಿಂದ ತಳ್ಳಿದಾಗ ಟರ್ಬೋಗೆ ನೀರು. 31ರಲ್ಲಿ ಪೆಟ್ಟಿಗೆ ಎತ್ತರ ಕಮ್ಮಿ, ಕೊಳ್ಳೋಕೆ ಮುಂಚೆನೇ ಅಳತೆ ಹಿಡಿದು ನೋಡಿ.

ಎಣ್ಣೆ ಲೆಕ್ಕಕ್ಕೆ ಇಲ್ಲಿನ ಮೆಕ್ಯಾನಿಕ್‌ಗಳು ಹೇಳೋ ಒಂದು ಅಂದಾಜು ಇದೆ: ಫುಲ್ ಥ್ರಾಟಲ್‌ನಲ್ಲಿ ಪೆಟ್ರೋಲ್ ಇಂಜಿನ್ ಪ್ರತಿ 10 ಎಚ್‌ಪಿಗೆ ಗಂಟೆಗೆ ಒಂದು ಗ್ಯಾಲನ್ ಕುಡಿಯತ್ತೆ, ಡೀಸೆಲ್ ಪ್ರತಿ 18-20 ಎಚ್‌ಪಿಗೆ ಒಂದು ಗ್ಯಾಲನ್. ಅಂದ್ರೆ 330ರ ಜೋಡಿ ಗಂಟೆಗೆ 66 ಗ್ಯಾಲನ್, 315ರ ಡೀಸೆಲ್ ಜೋಡಿ 32ರಿಂದ 35. ಯಾರೂ ಸದಾ ಫುಲ್ ಥ್ರಾಟಲ್ ಓಡಿಸಲ್ಲ, ಆದ್ರೂ ಅನುಪಾತ ಅದೇ, ಒಂದೇ ಟ್ಯಾಂಕಲ್ಲಿ ಹೆಚ್ಚುಕಮ್ಮಿ ದುಪ್ಪಟ್ಟು ದೂರ. ಗಲ್ಫ್ ಸ್ಟ್ರೀಮ್ ದಾಟೋವ್ರಿಗೆ ಇದು ಬರೀ ದುಡ್ಡಿನ ವಿಷ್ಯ ಅಲ್ಲ, ವಾಪಸ್ ಬರೋ ವಿಷ್ಯ. ಆದ್ರೆ ಹೊಸ ಡೀಸೆಲ್ ಜೋಡಿ ಬೆಲೆ ಹಲ್ ಬೆಲೆಯ ಎಷ್ಟೋ ಪಟ್ಟು, ಜೊತೆಗೆ ಗೇರು, ಶಾಫ್ಟು, ಪ್ರೊಪೆಲ್ಲರು, ಎಗ್ಸಾಸ್ಟ್ ಕೊಳವೆ ಎಲ್ಲ ಬದ್ಲಾಗತ್ತೆ, ಇಂಜಿನ್ ಬೆಲೆ ಮಾತ್ರ ನೋಡಿ ಬಜೆಟ್ ಹಾಕಿದ್ರೆ ಅರ್ಧಕ್ಕೆ ನಿಲ್ಲತ್ತೆ ಕೆಲಸ.

ಔಟ್‌ಬೋರ್ಡ್ ಈಗ ಫ್ಯಾಷನ್ನು. ಕಾಕ್‌ಪಿಟ್ ಖಾಲಿ ಆಗತ್ತೆ, ಪೆಟ್ಟಿಗೆ ಇರಲ್ಲ, ಆವಿಯ ಭಯ ಕಮ್ಮಿ, ಕೆಟ್ರೆ ಕಳಚಿ ಹೊಸದು ಹಾಕ್ಬೋದು, ಸಾಗಿಸೋವಾಗ ಮೇಲೆತ್ತಿ ಆಳ ಕಮ್ಮಿ ಇರೋ ಜಾಗಕ್ಕೂ ಹೋಗ್ಬೋದು. ಸೀಕ್ರಾಫ್ಟ್ 23ಕ್ಕೆ ಇದೇ ಸರಿ, ಬೇರೆ ಯೋಚ್ನೆನೇ ಬೇಡ. ಅದ್ರಲ್ಲೂ ಒಂದು ಹುಷಾರು, ಆ ಬೋಟ್ ಹುಟ್ಟಿದ ಕಾಲದಲ್ಲಿ ಟೂ ಸ್ಟ್ರೋಕ್ ಇಂಜಿನ್ ಹಗುರ ಇತ್ತು, ಇವತ್ತಿನ 300 ಎಚ್‌ಪಿ ಫೋರ್ ಸ್ಟ್ರೋಕ್ ಒಂದೇ ಸುಮಾರು 550 ಪೌಂಡ್ ಇರತ್ತೆ, ಹಿಂದೆ ತೂಗಿ ಕೂತ್ರೆ ಡೆಕ್ಕಿನ ನೀರು ಹೊರಗೆ ಹೋಗೋ ತೂತಿಂದ್ಲೇ ಸಮುದ್ರ ಒಳಗೆ ಬರತ್ತೆ, ಡೆಕ್ ಎತ್ತರ ಮಾಡೋದಿದ್ರೆ ಮೊದ್ಲೇ ಮಾಡಿ. ಬರ್ಟ್ರಮ್‌ಗೆ ಔಟ್‌ಬೋರ್ಡ್ ನನಗೆ ಮನಸ್ಸೊಪ್ಪಲ್ಲ. ನಡುವಿಗಿದ್ದ ಎರಡು ಸಾವಿರ ಪೌಂಡಿಗೂ ಮೇಲಿನ ಭಾರ ತೆಗೆದು ಹಿಂದಿನ ಗೋಡೆ ಆಚೆ ಸಾವಿರದ ನೂರು ಪೌಂಡ್ ನೇತುಹಾಕಿದ್ರೆ ಆ ಹಲ್ಲಿನ ತೂಕದ ಸಮತೋಲನವೇ ಬೇರೆ ಆಗತ್ತೆ, ಅಲೆ ಮೇಲೆ ಮೂತಿ ಎತ್ತತ್ತೆ. ಮೇಲಾಗಿ ದೊಡ್ಡ ಮೀನು ಹಿಂದಿನ ಗೋಡೆ ಹತ್ರ ಬಂದಾಗ ದಾರ ಎರಡು ಇಂಜಿನ್ ಸುತ್ತ ತಪ್ಪಿಸೋದು ಒಂದು ಸರ್ಕಸ್ಸು. ಚೆನ್ನಾಗಿ ಲೆಕ್ಕ ಹಾಕಿ ಮಾಡ್ಸಿದವ್ರು ಇದಾರೆ, ಟ್ಯಾಂಕ್ ಮುಂದಕ್ಕೆ ಸರಿಸಿ, ಗೋಡೆ ಹೊಸದಾಗಿ ಕಟ್ಟಿ, ಬ್ರ್ಯಾಕೆಟ್ಟಿಗೆ ತೇಲೋ ಪೆಟ್ಟಿಗೆ ಕೊಟ್ಟು. ಮಾಡೋದಾದ್ರೆ ಬೋಟ್ ಡಿಸೈನ್ ಓದಿದವ್ರ ಹತ್ರ ಲೆಕ್ಕ ಹಾಕಿಸಿ ಮಾಡಿ, ಕಣ್ಣಳತೆಯಲ್ಲಿ ಬೇಡ ಮಾರಾಯ್ರೆ.

ಟ್ಯಾಂಕು, ಯಾಕೆ ಇಂಜಿನ್ ಆದ್ಮೇಲೆ

1960-70ರ ದಶಕದ ಬರ್ಟ್ರಮ್, ಹ್ಯಾಟರಸ್ ಬೋಟುಗಳಲ್ಲಿ ಬಹಳಷ್ಟಕ್ಕೆ ಟ್ಯಾಂಕ್ ಕೂಡ ಫೈಬರಿಂದೇ. ತುಕ್ಕಿಲ್ಲ, ಮೂವತ್ತು ವರ್ಷ ಏನೂ ಆಗ್ಲಿಲ್ಲ. 2004ರಲ್ಲಿ ನ್ಯೂಯಾರ್ಕ್, ಕನೆಕ್ಟಿಕಟ್ ಕಡೆ ಪೆಟ್ರೋಲ್‌ಗೆ ಸೇರಿಸ್ತಿದ್ದ ಎಂಟಿಬಿಇ ರಾಸಾಯನಿಕ ನಿಷೇಧ ಆಗಿ ಅದ್ರ ಬದ್ಲು ಎಥನಾಲ್ ಬಂತು, ಆಮೇಲೆ ಶುರುವಾಯ್ತು ಗೋಳು. ಎಥನಾಲ್ ಆ ಹಳೇ ಪಾಲಿಯೆಸ್ಟರ್ ರೆಸಿನ್ನನ್ನ ನಿಧಾನಕ್ಕೆ ಕರಗಿಸತ್ತೆ, ಕರಗಿದ್ದು ಫಿಲ್ಟರಲ್ಲಿ ನಿಲ್ಲಲ್ಲ, ಸೀದಾ ಹೋಗಿ ಇಂಜಿನ್ ವಾಲ್ವ್ ಮೇಲೆ ಕಪ್ಪು ಡಾಂಬರಿನ ಥರ ಅಂಟತ್ತೆ, ಪುಶ್ ರಾಡ್ ಬಾಗಿ ಇಂಜಿನ್ ಹಾಳು, ಟ್ಯಾಂಕ್ ಗೋಡೆ ಮೆತ್ತಗಾಗಿ ಸೋರಿಕೆ. ಹಾಗಾಗಿ ಪೆಟ್ರೋಲ್ ಇಂಜಿನ್ ಇಡ್ತೀರಾ ಅಂದ್ರೆ ಹಳೇ ಫೈಬರ್ ಟ್ಯಾಂಕ್ ತೆಗೀಲೇಬೇಕು, ಡೆಕ್ ಕುಯ್ಯಲೇಬೇಕು. ಫ್ಲೋರಿಡಾ ಮರೀನಾಗಳಲ್ಲಿ ಎಥನಾಲ್ ಇಲ್ಲದ ಪೆಟ್ರೋಲ್ ಸಿಗತ್ತೆ ನಿಜ, ಆದ್ರೆ ಒಂದು ಸಲ ತಪ್ಪಿ ಬೇರೆ ಕಡೆ ತುಂಬಿಸಿದ್ರೂ ಗಂಡಾಂತರ, ಹಿಂದಿನ ಓನರ್ ಏನು ತುಂಬಿಸಿದ್ರೋ ಅದೂ ಗೊತ್ತಿರಲ್ಲ. ಡೀಸೆಲ್ ಆದ್ರೆ ಈ ಕಾಟ ಇಲ್ಲ, ಮೇಲೆ ಬಾಗಿಲು ಕುಯ್ದು ಒಳಗೆಲ್ಲ ಕೈಯಾಡಿಸಿ ತೊಳೆದು ಗಟ್ಟಿ ಇದ್ರೆ ಅದೇ ಟ್ಯಾಂಕ್ ಇಟ್ಕೋಬೋದು. ನಾನು ಡೀಸೆಲ್ ಕಡೆ ವಾಲೋಕೆ ಅರ್ಧ ಕಾರಣ ಇದೇ.

ಹೊಸ ಟ್ಯಾಂಕಿಗೆ ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್. ಪ್ಲಾಸ್ಟಿಕ್ ಅಂದ್ರೆ ಪಾಲಿಎಥಿಲೀನ್, ತುಕ್ಕಿಲ್ಲ ಅಗ್ಗ, ಆದ್ರೆ ರೆಡಿ ಅಳತೇಲಿ ಮಾತ್ರ ಸಿಗೋದು, ಪೆಟ್ರೋಲ್ ಕುಡಿದು ಶೇಕಡಾ ಎರಡರಷ್ಟು ಉಬ್ಬತ್ತೆ, ಸುತ್ತ ಜಾಗ ಬಿಡ್ದೆ ಬಿಗಿದ್ರೆ ಸೀಳತ್ತೆ. ವಿ ಆಕಾರದ ತಳಕ್ಕೆ ಸರಿಯಾಗಿ ಕೂರೋದು ಅಲ್ಯುಮಿನಿಯಂ, ಅಳತೆ ಕೊಟ್ಟು ಮಾಡಿಸ್ಬೋದು. ಅದ್ರ ಶತ್ರು ನಿಂತ ನೀರು. ಫೋಮ್ ಸುರಿದು ಹೂತಿಟ್ರೆ ಫೋಮಿಗೂ ಲೋಹಕ್ಕೂ ಮಧ್ಯೆ ಉಪ್ಪುನೀರು ಕೂತು ಕೊರೆಯತ್ತೆ, ರಬ್ಬರ್ ಪಟ್ಟಿ ಮೇಲೆ ಎತ್ತಿ ಕೂರಿಸಿ ಸುತ್ತ ಗಾಳಿ ಆಡೋ ಹಾಗೆ ಮಾಡಿದ್ರೆ ಬಹಳ ವರ್ಷ ಬರತ್ತೆ. ಯಾವ್ದೇ ಹಾಕಿ, ಅದ್ರ ಮೇಲಿನ ಡೆಕ್ ತುಂಡನ್ನ ಬೋಲ್ಟ್ ಬಿಚ್ಚಿ ಎತ್ತೋ ಮುಚ್ಚಳ ಮಾಡಿ, ಮತ್ತೆ ಫೈಬರ್ ಹಾಕಿ ಮುಚ್ಚಬೇಡಿ.

ಒಳಗಿನ ತಿರುಳು, ಮೇಲಿನ ರೆಸಿನ್

ಈ ಬೋಟುಗಳಲ್ಲಿ ಹಲ್ ಗಟ್ಟಿ ಫೈಬರ್ ಇದ್ರೂ ಡೆಕ್ಕು ಹಿಂದಿನ ಗೋಡೆ ಇವೆಲ್ಲ ಸ್ಯಾಂಡ್‌ವಿಚ್ ಥರ, ಎರಡು ಫೈಬರ್ ಚರ್ಮದ ನಡುವೆ ಬಾಲ್ಸಾ ಮರನೋ ಪ್ಲೈವುಡ್ಡೋ ಇರತ್ತೆ. ಫೈಬರ್ ಕೊಳೆಯಲ್ಲ, ಮರ ಕೊಳೆಯತ್ತೆ. ಯಾರೋ ಇಪ್ಪತ್ತು ವರ್ಷದ ಹಿಂದೆ ರಾಡ್ ಹೋಲ್ಡರ್ ಕೂರಿಸೋಕೆ ಹೊಡೆದ ಒಂದು ಸ್ಕ್ರೂ ಸಾಕು, ಅಲ್ಲಿಂದ ನೀರು ಇಳಿದು ಮೀಟರುಗಟ್ಟಲೆ ಹರಡತ್ತೆ. ನಾನು ಕಾಕ್‌ಪಿಟ್ ಮೂಲೆ ತೆರೆದಾಗ ಒಳಗಿನ ಬಾಲ್ಸಾ ನೆನೆಸಿದ ಅವಲಕ್ಕಿ ಥರ ಕೈಗೆ ಬಂತು. ಆವಾಗ ಯಾರಾದ್ರೂ ಹೇಳೇ ಹೇಳ್ತಾರೆ, ಸಣ್ಣ ತೂತು ಕೊರೆದು ಇಪಾಕ್ಸಿ ರೆಸಿನ್ ಸುರೀರಿ ಸಾಕು ಅಂತ. ಒದ್ದೆ ಮರಕ್ಕೆ ಇಪಾಕ್ಸಿ ಒಳಗೆ ಹೋಗಲ್ಲ, ತೂತಿನ ಸುತ್ತ ಗಟ್ಟಿಯಾಗಿ ಪಕ್ಕದಲ್ಲಿ ಕೊಳೆಯೋದು ಮುಂದುವರೀತಾನೇ ಇರತ್ತೆ. ಅಂಗೈ ಅಗಲದ ಜಾಗಕ್ಕೆ ಒಣಗಿಸಿ ಮಾಡೋದು ಸರಿ, ಅದಕ್ಕಿಂತ ದೊಡ್ಡದಾದ್ರೆ ಮೇಲಿನ ಚರ್ಮ ಕುಯ್ದು ಕೊಳೆತಿದ್ದೆಲ್ಲ ಕೆರೆದು ಹೊಸದು ಹಾಕ್ಬೇಕು.

ಏನು ಹಾಕೋದು? ಬಾಲ್ಸಾಗೆ ಕೆಟ್ಟ ಹೆಸರಿದೆ ಆದ್ರೆ ಅದು ಹಗುರ, ಬಿಗಿ, ಅಗ್ಗ, ಪ್ರತಿ ತೂತನ್ನೂ ಸರಿಯಾಗಿ ಮುಚ್ಚೋ ಶಿಸ್ತಿದ್ರೆ ಇವತ್ತಿಗೂ ಒಳ್ಳೇದೇ. ಮುಂದೆ ಬೋಟ್ ಯಾರ ಕೈಗೆ ಹೋಗತ್ತೋ ಅವ್ರಿಗೆ ಆ ಶಿಸ್ತು ಇರತ್ತಾ ಅನ್ನೋದೇ ಪ್ರಶ್ನೆ, ಅದಕ್ಕೆ ನಾನು ಮೇಲಿನ ಡೆಕ್ಕಿಗೆ ಪಿವಿಸಿ ಫೋಮ್ ಹಾಕ್ದೆ. ಹಿಂದಿನ ಗೋಡೆ, ಇಂಜಿನ್ ಬೆಡ್ ಥರ ಬೋಲ್ಟ್ ಬಿಗಿಯೋ ಜಾಗಕ್ಕೆ ಮೆತ್ತನೆ ಫೋಮ್ ಆಗಲ್ಲ, ಕುಗ್ಗತ್ತೆ. ಅಲ್ಲಿ ಮರೀನ್ ಪ್ಲೈವುಡ್ ಅಥವಾ ಕೂಸಾ. ಕೂಸಾ ಅಂದ್ರೆ ಗಾಜಿನ ನಾರು ತುಂಬಿದ ಪಾಲಿಯುರೆಥೇನ್ ಫೋಮ್ ಹಲಗೆ, ಕೊಳೆಯೋದೇ ಇಲ್ಲ. ಅದ್ರಲ್ಲಿ 26 ಅಂತ ಇರೋ ದರ್ಜೆ ಘನ ಅಡಿಗೆ 26 ಪೌಂಡ್ ತೂಕ, ಅಂದ್ರೆ ಮುಕ್ಕಾಲು ಇಂಚಿನ 4 ಅಡಿ 8 ಅಡಿ ಹಲಗೆ 52 ಪೌಂಡ್, ಅದೇ ಫರ್ ಪ್ಲೈವುಡ್ ಹತ್ತಿರ ಹತ್ತಿರ 70. ಬೆಲೆ ಮಾತ್ರ ಪ್ಲೈವುಡ್‌ನ ಹಲವು ಪಟ್ಟು, ಸ್ಕ್ರೂ ನೇರ ಹೊಡೆದ್ರೆ ಮರದಷ್ಟು ಹಿಡಿಯಲ್ಲ. ಬಜೆಟ್ ಬಿಗಿ ಇದ್ರೆ ಕೂಸಾ ಗೋಡೆಗೆ, ಒಣಗಿರೋ ಜಾಗಕ್ಕೆ ಒಳ್ಳೇ ಪ್ಲೈವುಡ್, ಅದ್ರ ಅಂಚಿಗೆಲ್ಲ ಮೂರು ಸಲ ಇಪಾಕ್ಸಿ ಕುಡಿಸಿ. ಯಾವ್ದೇ ತಿರುಳಿಗೆ ತೂತು ಹೊಡೆಯೋದಿದ್ರೂ ಮೊದ್ಲು ದೊಡ್ಡದಾಗಿ ಕೊರೆದು, ದಪ್ಪ ಮಾಡಿದ ಇಪಾಕ್ಸಿ ತುಂಬಿ, ಗಟ್ಟಿಯಾದ್ಮೇಲೆ ಅದ್ರ ನಡುವೆ ಬೋಲ್ಟಿನ ತೂತು ಹೊಡೀರಿ. ಆಗ ತಿರುಳಿಗೆ ನೀರು ಮುಟ್ಟೋದೇ ಇಲ್ಲ.

ರೆಸಿನ್ ವಿಷ್ಯಕ್ಕೆ ಬಂದ್ರೆ, ಮಲ್ಪೆಲಿ ಫೈಬರ್ ಶೆಡ್ ಪಕ್ಕ ಹೋದ್ರೆ ಮೂಗಿಗೆ ಹೊಡೀತಿದ್ದ ವಾಸನೆ ನೆನಪಿರೋವ್ರಿಗೆ ಪಾಲಿಯೆಸ್ಟರ್ ಗೊತ್ತು, ಆ ವಾಸನೆ ಸ್ಟೈರೀನ್. ಅಗ್ಗ, ಬೇಗ ಗಟ್ಟಿಯಾಗತ್ತೆ, ಈ ಬೋಟುಗಳು ಹುಟ್ಟಿದ್ದೂ ಅದ್ರಲ್ಲೇ. ಆದ್ರೆ ಮೋಲ್ಡ್ ಒಳಗೆ ಹೊಸದಾಗಿ ಹಾಕೋದು ಬೇರೆ, ಐವತ್ತು ವರ್ಷದ ಹಳೇ ಫೈಬರ್ ಮೇಲೆ ಅಂಟಿಸೋದು ಬೇರೆ. ಹಳೇದ್ರ ಮೇಲೆ ಪಾಲಿಯೆಸ್ಟರ್ ಹಿಡಿತ ಕಮ್ಮಿ, ವಿನೈಲ್ ಎಸ್ಟರ್ ಅದಕ್ಕಿಂತ ವಾಸಿ, ಇಪಾಕ್ಸಿ ಎಲ್ಲಕ್ಕಿಂತ ಗಟ್ಟಿ. ರಿಪೇರಿಗೆ ನಾನು ಇಪಾಕ್ಸಿನೇ ಅಂತೀನಿ, ಬೆಲೆ ಜಾಸ್ತಿ ಆದ್ರೂ. ಪಾಲಿಯೆಸ್ಟರ್ ಕೈಯಲ್ಲಿ ಪಳಗಿದವ್ರು ಇಪಾಕ್ಸಿಲಿ ಮಾಡೋ ದೊಡ್ಡ ತಪ್ಪು ಗಟ್ಟಿ ಮಾಡೋ ಹಾರ್ಡನರ್ ಜಾಸ್ತಿ ಹಾಕೋದು. ಪಾಲಿಯೆಸ್ಟರಲ್ಲಿ ಶೇಕಡಾ ಒಂದರಿಂದ ಎರಡರವರೆಗೆ ಹೆಚ್ಚುಕಮ್ಮಿ ಮಾಡಿ ಬೇಗ ಗಟ್ಟಿ ಮಾಡ್ಬೋದು, ಇಪಾಕ್ಸಿಲಿ ಅನುಪಾತ ಡಬ್ಬಿ ಮೇಲೆ ಬರೆದಷ್ಟೇ, ಜಾಸ್ತಿ ಹಾಕಿದ್ರೆ ಬೇಗ ಆಗಲ್ಲ, ಯಾವತ್ತೂ ಸರಿಯಾಗಿ ಗಟ್ಟಿಯಾಗಲ್ಲ. ತುಂಡು ನಾರಿನ ಮಾಮೂಲಿ ಮ್ಯಾಟ್ ಕೂಡ ಇಪಾಕ್ಸಿಗೆ ಬೇಡ, ಅದ್ರ ಎಳೆ ಹಿಡಿದಿರೋ ಅಂಟು ಕರಗೋದು ಸ್ಟೈರೀನಲ್ಲಿ. ಎರಡು ದಿಕ್ಕಿಗೆ ನಾರಿರೋ ಹೊಲಿದ ಬಯಾಕ್ಸಿಯಲ್ ಬಟ್ಟೆ ತಗೊಳ್ಳಿ, 1708 ಅಂತ ಕೇಳಿ. ಇನ್ನೂ ಒಂದು, ಇಪಾಕ್ಸಿ ಮೇಲೆ ಹೊಳಪಿನ ಹೊರ ಪದರ ಅಂದ್ರೆ ಪಾಲಿಯೆಸ್ಟರ್ ಜೆಲ್‌ಕೋಟ್ ನೇರ ಹಾಕಿದ್ರೆ ಸರಿಯಾಗಿ ಒಣಗಲ್ಲ, ಹಿಡಿಯೋದೂ ಇಲ್ಲ. ಅಂದ್ರೆ ರೆಸಿನ್ ಇಪಾಕ್ಸಿ ಅಂತ ತೀರ್ಮಾನ ಆದ ಕ್ಷಣ ಮೇಲೆ ಜೆಲ್‌ಕೋಟ್ ಅಲ್ಲ, ಪೇಂಟು.

ಹಳೇ ಫೈಬರಿಗೆ ಹೊಸದು ಕೂಡಿಸೋ ಜಾಗದಲ್ಲಿ ಇಳಿಜಾರು ತಿಕ್ಕೋದನ್ನ ಯಾರೂ ಅವಸರ ಮಾಡ್ಬೇಡಿ, ದಪ್ಪದ ಹನ್ನೆರಡು ಪಟ್ಟು ಅಗಲ, ಅರ್ಧ ಇಂಚು ದಪ್ಪ ಇದ್ರೆ ಆರು ಇಂಚು. ಫ್ಲೋರಿಡಾ ತೇವಕ್ಕೆ ಇಪಾಕ್ಸಿ ಗಟ್ಟಿಯಾದ್ಮೇಲೆ ಮೇಲೆ ಜಿಡ್ಡಿನಂಥ ಪದರ ಬರತ್ತೆ, ತಿಕ್ಕೋಕೆ ಮುಂಚೆ ಬರೀ ನೀರಲ್ಲಿ ಉಜ್ಜಿ ತೊಳೀರಿ, ಇಲ್ದಿದ್ರೆ ಸ್ಯಾಂಡ್‌ಪೇಪರ್ ಆ ಜಿಡ್ಡನ್ನೇ ಒಳಗೆ ಒರೆಸತ್ತೆ. ನಮ್ಮೂರಲ್ಲಿ ಹುಡುಗ್ರು ಮಾಸ್ಕ್ ಇಲ್ದೆ ಬರಿಗೈಯಲ್ಲಿ ಈ ಕೆಲಸ ಮಾಡೋದು ನೋಡಿ ಬೆಳೆದವ್ನು ನಾನು, ದಯವಿಟ್ಟು ಹಾಗೆ ಮಾಡ್ಬೇಡಿ. ಬಟ್ಟೆ ಮಾಸ್ಕ್ ಆವಿ ತಡೆಯಲ್ಲ, ರಾಸಾಯನಿಕ ಆವಿಗೆ ಅಂತ್ಲೇ ಮಾಡಿರೋ ಕಾರ್ಟ್ರಿಜ್ ಮಾಸ್ಕ್ ಬೇಕು, ಕೈಗವಸು ಬೇಕು. ಇಪಾಕ್ಸಿ ಅಲರ್ಜಿ ಒಂದ್ಸಲ ಮೈಗೆ ಹತ್ತಿದ್ರೆ ಜೀವನಪೂರ್ತಿ ಬಿಡಲ್ಲ.

ಬಣ್ಣ

ಚುಟುಕಾಗಿ ಮುಗಿಸ್ತೀನಿ. ಆಲ್‌ಗ್ರಿಪ್ ಥರದ ಎರಡು ಡಬ್ಬಿ ಬೆರೆಸೋ ಪಾಲಿಯುರೆಥೇನ್ ಪೇಂಟ್ ಸ್ಪ್ರೇ ಮಾಡಿದ್ರೆ ಕನ್ನಡಿ, ಆದ್ರೆ ಅದ್ರ ಐಸೊಸಯನೇಟ್ ಮಂಜು ಶ್ವಾಸಕೋಶಕ್ಕೆ ವಿಷ, ಹೊರಗಿಂದ ಗಾಳಿ ಕೊಡೋ ಮುಖವಾಡ ಬೇಕು, ಅದು ವೃತ್ತಿಯವ್ರ ಕೆಲಸ. ನೀವೇ ಮಾಡೋದಾದ್ರೆ ರೋಲರ್ ಹಚ್ಚಿ ಹಿಂದೆನೇ ಒಬ್ರು ಒಳ್ಳೇ ಬ್ರಶ್ ತುದೀಲಿ ಸವರ್ತಾ ಬರೋದು, ಇಬ್ರು ಬೇಕು, ಹತ್ತು ಅಡಿ ದೂರದಿಂದ ಸ್ಪ್ರೇಗೂ ಇದಕ್ಕೂ ವ್ಯತ್ಯಾಸ ಕಾಣಲ್ಲ. ಕಡುನೀಲಿ ಹಲ್ ಚಂದ ನಿಜ, ಆದ್ರೆ ಬಿಸಿಲಿಗೆ ಕಾದು ಕೆಳಗಿನ ಫೈಬರ್ ನೇಯ್ಗೆ ಮೇಲೆ ಮೂಡತ್ತೆ, ಒಳಗೂ ಒಲೆ. ನಂದು ಬಿಳಿ. ನೀರಿನ ಕೆಳಗಿನ ಭಾಗಕ್ಕೆ ಚೆನ್ನಾಗಿ ಒಣಗಿಸಿ ಇಪಾಕ್ಸಿ ಬ್ಯಾರಿಯರ್ ಕೋಟ್ ಐದಾರು ಪದರ, ಅದ್ರ ಮೇಲೆ ಚಿಪ್ಪುಹುಳ ತಡೆಯೋ ಪೇಂಟು.

ನೀರಿನ ಗೆರೆ ಮಾತ್ರ ಹಳೇ ಗುರುತಿಗೇ ಹೊಡೆದುಬಿಡ್ಬೇಡಿ. ಇಂಜಿನ್ ಬದ್ಲಾದ್ರೆ ಭಾರ ಬದ್ಲಾಗಿರತ್ತೆ, ಮೊದ್ಲು ಇಳಿಸಿ, ಅರ್ಧ ಟ್ಯಾಂಕ್ ತುಂಬಿ, ಎಲ್ಲಿ ಕೂರತ್ತೆ ಅಂತ ಪೆನ್ಸಿಲಲ್ಲಿ ಗುರುತು ಮಾಡ್ಕೊಂಡು ಮತ್ತೆ ಎತ್ತಿಸಿ, ನನ್ನದು ಹಳೇ ಗೆರೆಗಿಂತ ಎರಡು ಇಂಚು ಕೆಳಗೆ ಕೂತಿತ್ತು. ಶಾಫ್ಟ್ ಅಲೈನ್‌ಮೆಂಟ್ ಕೂಡ ಯಾರ್ಡಲ್ಲಿ ಮಾಡಿದ್ದು ಬರೀ ಅಂದಾಜು, ನೆಲದ ಮೇಲೆ ಸ್ಟ್ಯಾಂಡಿನ ಮೇಲಿರೋ ಹಲ್ ನೀರಿಗಿಳಿದಾಗ ಕೂದಲೆಳೆಯಷ್ಟು ಆಕಾರ ಬದಲಿಸತ್ತೆ, ಎರಡು ದಿನ ತೇಲೋಕೆ ಬಿಟ್ಟು ಆಮೇಲೆ ಶಾಫ್ಟ್ ಗೇರಿಗೆ ಸೇರೋ ಕಪ್ಲಿಂಗ್ ಬಿಚ್ಚಿ, ಸಂದು ಅಳೆಯೋ ಫೀಲರ್ ಗೇಜಲ್ಲಿ ಇಂಚಿನ ಸಾವಿರ ಭಾಗದಲ್ಲಿ ಮೂರ್ನಾಲ್ಕು ಭಾಗದ ಒಳಗೆ ಬರೋವರೆಗೆ ಮೌಂಟ್ ತಿರುಗಿಸಿ ಸರಿ ಮಾಡಿ, ಆಮೇಲಷ್ಟೇ ಥ್ರಾಟಲ್ ಮುಂದಕ್ಕೆ ತಳ್ಳಿ.